ಹದಿಮೂರನೆಯ ತಿಂಗಳು

ನಮ್ಮ ವರ್ಷಕ್ಕೆ ತಿಂಗಳು ಹದಿಮೂರು.
ಕಡೆಯದು ಪಗುಮೆ, ಐದೇ ದಿನದ್ದು,
ಅಂಗಿ ಹೊಲಿದು ಮಿಕ್ಕ ಬಟ್ಟೆಯ ಅಂಚಿನ ಹಾಗೆ.
ಸಂಬಳ ಕೊಡುವವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಕಾಯಿಲೆಯವರು ಮಾತ್ರ
ವರ್ಷವಿಡೀ ಅದರಲ್ಲೇ ಇರುತ್ತೇವೆ.

ಎಂಟೊಟೊ ಗುಡ್ಡದ ನೆತ್ತಿ, ನೀಲಗಿರಿ ಮರಗಳ ನಡುವೆ
ಒಂದು ತಗಡಿನ ಕೋಣೆ, ಏಳು ಚಾಪೆ.
ಬಾಗಿಲ ಬಳಿ ನಾನು:
ಮಿನಿಬಸ್ಸಿಗೆ ಜೋತುಬಿದ್ದು
'ಪಿಯಾಸಾ, ಪಿಯಾಸಾ, ಇನ್ನೊಬ್ಬರಿಗೆ ಜಾಗ ಇದೆ' ಎಂದು
ಅಡಿಸ್ ಅಬಾಬದ ಕಿವಿ ಕಿತ್ತವನು.
ಈಗ ಕೆಮ್ಮಿಗಷ್ಟೇ ಗಂಟಲು.
ಗೋಡೆಯ ಕಡೆ ದೆಸ್ಸಾಲೆನ್ ಮೇಷ್ಟ್ರು,
ಭೂಗೋಳ ಕಲಿಸುತ್ತಿದ್ದವರು,
ತಗಡಿನ ತುಕ್ಕಿನಲ್ಲಿ ಖಂಡಗಳನ್ನು ಹುಡುಕುತ್ತಾರೆ.

ನಸುಕಿಗೇ ನೀರು.
ಎಲುಬಿಗೆ ಹಲ್ಲು ಹಾಕುವ ನೀರು.
ಅಬ್ಬಾ ಶಿಲುಬೆ ಎತ್ತಿ ಹರಸಿದ್ದನ್ನು
ಹಳದಿ ಕ್ಯಾನುಗಳಲ್ಲಿ ಹೊತ್ತು ತರುವವಳು ಯೆಶಿಹರೆಗ್.
ಕೆಂಪು ಮಣ್ಣನ್ನು ಬರಿಗಾಲಲ್ಲಿ ತುಳಿದೂ ತುಳಿದೂ
ಎಡಗಾಲು ಮರದ ಬೊಡ್ಡೆಯಾಗಿದೆ,
ಯಾವ ಬೂಟೂ ಅದನ್ನು ಒಳಗೆ ಕರೆಯುವುದಿಲ್ಲ.
'ಕಾಲು ಹೇಗಿದೆ?' ಎಂದರೆ
'ಬಂತಲ್ಲ ನನ್ನ ಜೊತೆ' ಅನ್ನುತ್ತಾಳೆ.

ದೊಡ್ಡ ಉಪವಾಸದಲ್ಲಿ ಒಬ್ಬ ಬೋಧಕ ಬಂದಿದ್ದ.
ಮಾತ್ರೆ ನುಂಗುವವನು ಅರ್ಧ ನಂಬಿದವನು, ಎಂದ.
ನಮ್ಮಲ್ಲಿ ಇಬ್ಬರು ಪೂರ್ತಿ ನಂಬಿದರು.
ಮಳೆಗೆ ಮುಂಚೆಯೇ ಇಬ್ಬರನ್ನೂ ಹೂಳಿ ಬಂದೆವು.
ಅಬ್ಬಾ ಆ ದಿನ ಊಟ ಮಾಡಲಿಲ್ಲ.
'ನೀರನ್ನು ಮಾಡಿದವನೇ
ಮಾತ್ರೆ ಮಾಡುವವನ ಕೈಯನ್ನೂ ಮಾಡಿದ' ಎಂದು
ಗೋರಿಗೋ ನಮಗೋ ಹೇಳಿದರು.
ಅಂದಿನಿಂದ ಎಲ್ಲರ ಮಾತ್ರೆಯೂ
ಯೆಶಿಹರೆಗ್‌ಳ ಕಾಫಿ ಡಬ್ಬಿಯಲ್ಲಿ,
ಒಬ್ಬೊಬ್ಬರದಕ್ಕೆ ಒಂದೊಂದು ಬಣ್ಣದ ದಾರ.

ಮೇಷ್ಟ್ರು ಒಂದು ರಾತ್ರಿ ಕೇಳಿದರು:
'ಯಾರ ಪಾಪ, ಯೆಶಿಹರೆಗ್?
ನನ್ನದೋ, ಹೆತ್ತವರದೋ?'
ಕುರುಡನ ಮುಂದೆ ನಿಂತು ಶಿಷ್ಯರೂ ಕೇಳಿದ್ದರು ಇದನ್ನೇ.
ಇಬ್ಬರದೂ ಅಲ್ಲ ಎಂದವನು
ಅಷ್ಟಕ್ಕೇ ಸುಮ್ಮನಾಗದೆ
ಬಗ್ಗಿ, ಉಗುಳಿ, ಮಣ್ಣು ಕಲಸಿದ.
ಅವಳು ಅದನ್ನೆಲ್ಲ ಹೇಳಲಿಲ್ಲ.
'ಮೊದಲು ಬಾಯಿ ತೆರೆಯಿರಿ ಮೇಷ್ಟ್ರೇ, ನೀಲಿ ದಾರದ್ದು.'

ಪಗುಮೆಯ ಮೂರನೆಯ ದಿನ ರುಫಾಯೇಲನ ಹಬ್ಬ,
ವಾಸಿಮಾಡುವ ದೂತನದು.
ಅಂದು ಬೀಳುವ ಹನಿಯೆಲ್ಲ ಪವಿತ್ರ.
ಮಧ್ಯಾಹ್ನ ಕಳೆದರೂ ಆಕಾಶ ಬಿಗಿದುಕೊಂಡಿತ್ತು.
ಆಮೇಲೆ ಒಮ್ಮೆಗೇ ತಗಡಿನ ಮೇಲೆ ಕಲ್ಲು ಸುರಿದಂತೆ!
ಮಕ್ಕಳು ಬಾಯಿ ಮೇಲೆ ಮಾಡಿಕೊಂಡು ಓಡಿದರು,
ಮುದುಕಿಯರು ಗಾಬಿ ಕಳಚಿ ನಿಂತರು,
ತೆವಳಬಲ್ಲವರು ತೆವಳಿದರು.
ನನ್ನಿಂದ ಅದೂ ಆಗಲಿಲ್ಲ.

ಬಾಗಿಲ ಸಂದಿನಿಂದ ಕಂಡೆ:
ಸೂರಿನ ಕೆಳಗೆ ಪಾತ್ರೆ ಇಟ್ಟು
ಯೆಶಿಹರೆಗ್ ಆ ಕಾಲನ್ನು ಮಳೆಗೆ ಚಾಚಿದಳು,
ಮೊಣಕಾಲ ತನಕ ಲಂಗ ಎತ್ತಿ,
ತುಟಿ ಅಲುಗಿಸುತ್ತ.
ಒಂದು ಉಸಿರು, ಎರಡು. ಕಾಲು ಒಳಗೆ ಎಳೆದುಕೊಂಡಳು.
'ಇಷ್ಟು ಬೇಗ?' ಎಂದೆ.
'ಪಾತ್ರೆ ತುಂಬಿತು.'

ಆ ನೀರಲ್ಲೇ ನನ್ನ ಮಾತ್ರೆ.
ನಾನು ದೇವರನ್ನು ಬೈದೆ,
ಮಿನಿಬಸ್ಸಿನ ಭಾಷೆಯಲ್ಲಿ, ಅವನ ದೂತರನ್ನೂ ಸೇರಿಸಿ.
ಅವಳು ಲೋಟ ಹಿಡಿದೇ ಇದ್ದಳು.
'ಬೈಯಿ. ನುಂಗಿ ಬೈಯಿ.'

ಹೊಸ ವರ್ಷ ಬಂತು.
ಗುಡ್ಡಕ್ಕೆ ಹಳದಿ ಹೂ ಬಂತು, ನನಗೆ ಕೆಮ್ಮು ಹೋಗಲಿಲ್ಲ.
ಅವಳ ಕಾಲು ಇಳಿಯಲಿಲ್ಲ.
ನೀಲಿ ದಾರ ಡಬ್ಬಿಯಲ್ಲಿ ಬಿಡಿಯಾಗಿ ಬಿದ್ದಿದೆ,
ತುಕ್ಕಿನ ಖಂಡಗಳ ಕೆಳಗೆ ಒಂದು ಚಾಪೆ ಖಾಲಿ.

ಡಬ್ಬಿಯ ಮುಚ್ಚಳ ತೆಗೆಯುವುದು ಈಗ ನನ್ನ ಪಾಲಿನ ಕೆಲಸ.
ಹೆಬ್ಬೆರಳು ನಡುಗುತ್ತದೆ, ತಗಡು ಕಿರ್ರೆನ್ನುತ್ತದೆ.
ಇವತ್ತು ಹೊಸಿಲಲ್ಲಿ ಒಬ್ಬ ಹುಡುಗ,
ತಾಯಿಯ ಬೆನ್ನಿಗೆ ಅಂಟಿಕೊಂಡು,
ಒಳಗೆ ಬರಲೋ ಬೇಡವೋ ಎಂದು.
ಗಂಟಲು ಸರಿಮಾಡಿಕೊಂಡೆ.
ಇದ್ದಷ್ಟು ದನಿಯಲ್ಲಿ ಕೂಗಿದೆ:
ಬಾ, ಹತ್ತು,
ಇನ್ನೊಬ್ಬರಿಗೆ ಜಾಗ ಇದೆ.